ಪವಾಡವೂ ಪ್ರತ್ಯಯವೂ: ಅಬ್ಬಲೂರಿನ ಶಾಸನವನ್ನು ಕುರಿತ ಒಂದು ವಿಚಾರ

ದೇವರ ಮಹಿಮೆಯನ್ನು ಸಾರುವ ಪವಾಡಗಳ ವೃತ್ತಾಂತಗಳು ಎಲ್ಲ ಮತಗಳಲ್ಲಿಯೂ ಹೇರಳವಾಗಿವೆ. ಆದರೂ ಅವನ್ನು ಕೇಳಿದವರೆಲ್ಲರೂ ಆಸ್ತಿಕರಾಗಲಿಲ್ಲ. ನಂಬಬೇಕೆಂದು ಬಯಸಿದವರಿಗೂ ನಂಬಿಕೆಯು ಸುಲಭವಾಗಿ ಕೈಗೂಡಲಿಲ್ಲ. ಇದಕ್ಕೆ ಕೇಳುವವರ ಹೃದಯಕಾಠಿನ್ಯವೇ ಕಾರಣವೆಂದು ಹೇಳಿಬಿಡುವುದು ವಾಡಿಕೆ. ಆದರೆ ಕನ್ನಡನಾಡಿನ ಒಂದು ಶಾಸನವನ್ನು ಪರಾಮರ್ಶಿಸಿದರೆ ವಿಷಯವು ಅಷ್ಟು ಸರಳವಾದುದಲ್ಲವೆಂದು ತಿಳಿಯುತ್ತದೆ.

ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿರುವ ಈ ಶಾಸನವು ಸುಮಾರು 1200ರ ಕಾಲದ್ದೆಂದು ಅದನ್ನು ಪ್ರಕಟಿಸಿದ ಫ್ಲೀಟ್ ಸಾಹೇಬರ ಅಭಿಪ್ರಾಯ. ಆಳಂದೆಯಲ್ಲಿ ಹುಟ್ಟಿ, ಹುಲಿಗೆರೆಯ ಸೋಮನಾಥನನ್ನು ಸೇವಿಸಿ, ಅಬ್ಬಲೂರಿಗೆ ಬಂದ ಏಕಾಂತದ ರಾಮಯ್ಯನೆಂಬ ಶಿವಭಕ್ತನ ಚರಿತ್ರೆಯನ್ನು ಅದು ಹೇಳುತ್ತದೆ. ಶಿವನೇ ಪರದೈವವೆಂಬ ವಿಷಯದಲ್ಲಿ ಅಲ್ಲಿನ ಜೈನರಿಗೂ ಅವನಿಗೂ ವಿವಾದವುಂಟಾಯಿತು. ರಾಮಯ್ಯನು ತನ್ನ ಶಿರಸ್ಸನ್ನೇ ಪಣವಾಗಿಟ್ಟನು. ಅವನು ತಲೆಯನ್ನು ಅರಿದು ಶಿವನಿಗೆ ಅರ್ಪಿಸಿ ಮರಳಿ ಪಡೆದರೆ ಜಿನಬಿಂಬವನ್ನು ತೆಗೆದು ಶಿವನನ್ನು ಪ್ರತಿಷ್ಠಿಸುವೆವೆಂದು ಜೈನರು ಓಲೆ ಬರೆದುಕೊಟ್ಟರು. ಅವನು ಶಿರಸ್ಸನ್ನು ಅರಿದುಕೊಂಡು ಏಳು ದಿನಗಳಾದ ಮೇಲೆ ಅದನ್ನು ಮರಳಿ ಪಡೆದನೆಂದು ಶಾಸನವು ಹೇಳುತ್ತದೆ. ಹರಿಹರ ಕವಿಯೂ ಈ ಭಕ್ತನನ್ನು ಕುರಿತು ರಗಳೆಯೊಂದನ್ನು ರಚಿಸಿದ್ದಾನೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಪವಾಡವನ್ನು ಕಂಡರೆಂದು ಹೇಳಲಾದ ಜೈನರು ಶೈವರಾಗಲಿಲ್ಲ. ಬಿಂಬವನ್ನು ಒಡೆಯಬೇಡವೆಂದು ಬೇಡಿಕೊಂಡರು. ರಾಮಯ್ಯನು ಒಡೆದ ಮೇಲೆ ಬಿಜ್ಜಳರಾಜನಲ್ಲಿಗೆ ದೂರು ಒಯ್ದರು. ರಾಮಯ್ಯನು ಓಲೆಯನ್ನು ತೋರಿಸಿ, ಅವರು ತಮ್ಮ ಬಸದಿಗಳನ್ನು ಪಣವಾಗಿಡುವುದಾದರೆ ಮತ್ತೊಮ್ಮೆ ಶಿರಸ್ಸನ್ನು ಒಪ್ಪಿಸಲು ಸಿದ್ಧನೆಂದನು. ಅವರು ತಾವು ಬಂದದ್ದು ಆದ ಹಾನಿಯನ್ನು ಅರಿಕೆಮಾಡುವುದಕ್ಕೇ ಹೊರತು ಮತ್ತೆ ಪಣಕಟ್ಟುವುದಕ್ಕಲ್ಲವೆಂದರು. ಬಿಜ್ಜಳನು ರಾಮಯ್ಯನಿಗೆ ಜಯಪತ್ರವನ್ನೂ ದೇವಾಲಯಕ್ಕೆ ಭೂಮಿಯನ್ನೂ ಕೊಟ್ಟನು. ಹೀಗೆ ಪವಾಡದಿಂದ ಜಯಪತ್ರವು ದೊರೆಯಿತು, ದತ್ತಿಯು ದೊರೆಯಿತು. ಪ್ರತಿಪಕ್ಷದವರ ಪ್ರತ್ಯಯವು ಮಾತ್ರ ದೊರೆಯಲಿಲ್ಲ.

ಇದರ ಕಾರಣವನ್ನು ನಮ್ಮ ಪೂರ್ವಿಕರು ಬಹುಕಾಲದ ಹಿಂದೆಯೇ ಚಿಂತಿಸಿದ್ದರು. ಮೊದಲನೆಯದು ಸಾಕ್ಷ್ಯದ ಪ್ರಶ್ನೆ. ಆಪ್ತನಾದವನ ಮಾತೇ ಶಬ್ದಪ್ರಮಾಣವೆಂದು ನೈಯಾಯಿಕರ ಮತ. ಅಬ್ಬಲೂರಿನ ಶಾಸನವಾದರೋ ಗೆದ್ದ ಪಕ್ಷದ ದೇವಾಲಯದಲ್ಲಿ, ಅದಕ್ಕೆ ಬಂದ ದತ್ತಿಗಳ ಜೊತೆಯಲ್ಲಿ ಕೆತ್ತಲ್ಪಟ್ಟುದು. ಇಷ್ಟರಿಂದಲೇ ಅದು ಸುಳ್ಳೆಂದು ಹೇಳುವುದು ನ್ಯಾಯವಲ್ಲ. ಆದರೆ ಸೋತವರು ಇದೇ ಸಂಗತಿಯನ್ನು ಹೀಗೆಯೇ ಬರೆಯುತ್ತಿದ್ದರೇ ಎಂಬ ಶಂಕೆಯು ವಿವೇಕಿಗೆ ಸಹಜವಾದುದು.

ಎರಡನೆಯದು, ಕಣ್ಣಾರೆ ಕಂಡರೂ ಶಂಕೆಯು ತೊಲಗದೆಂಬುದು. ದೀಘನಿಕಾಯದ ಕೇವಟ್ಟಸುತ್ತದಲ್ಲಿ ನಾಲಂದೆಯ ಗೃಹಸ್ಥನೊಬ್ಬನು, ಭಿಕ್ಷುಗಳಿಂದ ಅದ್ಭುತಗಳನ್ನು ತೋರಿಸಿದರೆ ಜನರ ಶ್ರದ್ಧೆಯು ಹೆಚ್ಚುವುದೆಂದು ಬುದ್ಧನಲ್ಲಿ ಬಿನ್ನವಿಸುತ್ತಾನೆ. ಬುದ್ಧನು ಅದನ್ನು ಒಪ್ಪುವುದಿಲ್ಲ. ಶ್ರದ್ಧೆಯಿಲ್ಲದವನು ಅದನ್ನು ಗಾಂಧಾರಿಯೆಂಬ ವಿದ್ಯೆಯ ಫಲವೆಂದು ತಳ್ಳಿಹಾಕುವನೆಂದು ಹೇಳಿ, ಉಪದೇಶವೇ ಶ್ರೇಷ್ಠವಾದ ಪ್ರಾತಿಹಾರ್ಯವೆನ್ನುತ್ತಾನೆ.

ಮೂರನೆಯದು ಇನ್ನೂ ಗಹನವಾದುದು. ಪವಾಡವು ನಿಜವೆಂದೇ ಇಟ್ಟುಕೊಂಡರೂ ಅದು ಮಾಡಿದವನ ಶಕ್ತಿಯನ್ನು ತೋರಿಸೀತೇ ಹೊರತು ಜಗತ್ಕರ್ತನನ್ನು ಸಾಧಿಸಲಾರದು. ಪ್ರತಿಯೊಂದು ಮತವೂ ತನ್ನ ತನ್ನ ಅದ್ಭುತಗಳನ್ನು ಮುಂದಿಡುವುದರಿಂದ ಒಂದರ ಸಾಕ್ಷ್ಯವು ಮತ್ತೊಂದರ ಸಾಕ್ಷ್ಯವನ್ನು ಕುಗ್ಗಿಸುತ್ತದೆ. 7ನೆಯ ಶತಮಾನದ ಕುಮಾರಿಲಭಟ್ಟನು ಶ್ಲೋಕವಾರ್ತಿಕದಲ್ಲಿ ಯೋಗಿಪ್ರತ್ಯಕ್ಷವನ್ನೂ ಸರ್ವಜ್ಞತ್ವವನ್ನೂ ಸೃಷ್ಟಿಕರ್ತನನ್ನೂ ನಿರಾಕರಿಸಿದನು. ಆದರೂ ವೇದಪ್ರಾಮಾಣ್ಯಕ್ಕಾಗಿ ಅವನಷ್ಟು ಶ್ರಮಿಸಿದವರು ವಿರಳ. ಆದಕಾರಣ ಅದ್ಭುತವನ್ನು ನಂಬದವನೆಲ್ಲ ಶ್ರದ್ಧಾಹೀನನೆಂಬುದು ಸಲ್ಲದು. ಅಬ್ಬಲೂರಿನ ಜೈನರೂ ಶ್ರದ್ಧಾಹೀನರಾಗಿರಲಿಲ್ಲ. ತಮ್ಮ ಬಿಂಬವನ್ನು ಉಳಿಸಿಕೊಳ್ಳಲು ಅರಸನವರೆಗೆ ಹೋದವರು ಅವರು.

ಈಶ್ವರನಿದ್ದಾನೆಂದು ಸಾಧಿಸಲು ಹೊರಟ ಉದಯನಾಚಾರ್ಯನ ಮಾರ್ಗವೂ ಇಲ್ಲಿ ಸ್ಮರಣೀಯವಾದುದು. 10ನೆಯ ಶತಮಾನದ ಈ ಮಹಾನೈಯಾಯಿಕನು ನ್ಯಾಯಕುಸುಮಾಂಜಲಿಯಲ್ಲಿ ಎತ್ತುವ ಹೇತುಗಳಲ್ಲಿ ಪವಾಡವೊಂದೂ ಇಲ್ಲ. ಕಾರ್ಯವಿದ್ದಲ್ಲಿ ಕರ್ತನಿರಬೇಕು, ಜಗತ್ತು ಬೀಳದೆ ನಿಂತಿರುವುದಕ್ಕೆ ಧಾರಕನಿರಬೇಕು ಎಂಬಿವೇ ಮೊದಲಾದವು ಅವನ ಹೇತುಗಳು. ನಿಯಮವನ್ನು ಮುರಿದ ಘಟನೆಯನ್ನಲ್ಲ, ನಿತ್ಯವೂ ಎಲ್ಲರ ಕಣ್ಣೆದುರಿಗಿರುವ ಲೋಕವನ್ನೇ ಅವನು ಆಧಾರವಾಗಿ ಹಿಡಿದನು. ಅವನ ವಾದವನ್ನು ಒಪ್ಪದವರೂ ಅದನ್ನು ಕುಳಿತು ವಿಚಾರಿಸಬಹುದು. ಪವಾಡದ ವಿಷಯದಲ್ಲಾದರೋ ಹೇಳಿದವರನ್ನು ನಂಬಬೇಕು, ಇಲ್ಲವೆ ಬಿಡಬೇಕು.

ಅಬ್ಬಲೂರಿನ ದೇವಾಲಯದಲ್ಲಿ ಈ ಕಥೆಯ ಶಿಲ್ಪಗಳೂ ಇವೆ. ಅವು ರಾಮಯ್ಯನ ಭಕ್ತಿಯ ತೀವ್ರತೆಗೂ ಆ ಕಾಲದ ಮತಕಲಹಕ್ಕೂ ನಿಸ್ಸಂದೇಹವಾದ ಸಾಕ್ಷಿಗಳು. ಶಾಸನದ ಪ್ರಕಾರ ಬಿಜ್ಜಳನು ಜೈನರನ್ನು ಕಳುಹಿಸುವಾಗ ನೆರೆಹೊರೆಯವರೊಡನೆ ಶಾಂತಿಯಿಂದ ಬಾಳಿರೆಂದು ಬುದ್ಧಿ ಹೇಳಿದನಂತೆ. ಈ ಮಾತನ್ನು ನಡೆಯಿಸುವುದಕ್ಕೆ ಪವಾಡವು ಬೇಕಾಗಿರಲಿಲ್ಲ. ಅದನ್ನು ಸೋತವರಿಗೆ ಹೇಳಿದಂತೆಯೇ ಗೆದ್ದವರಿಗೂ ಹೇಳಬೇಕಾಗಿದ್ದಿತು.