ಹಲ್ಲಿಗಾಗಿ ಘಟ್ಟ ಇಳಿದ ಕೊಡಗು

1999ರಲ್ಲಿ ವಿರಾಜಪೇಟೆ ಪಕ್ಕದ ಮಗ್ಗುಲದಲ್ಲಿ ಕೊಡಗು ದಂತ ವೈದ್ಯಕೀಯ ಕಾಲೇಜು ಶುರುವಾಯಿತು. ಮಡಿಕೇರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2016ರಲ್ಲಿ. ಉಳಿದ ಮೈಗಿಂತ 17 ವರ್ಷ ಮೊದಲೇ ಹಲ್ಲಿಗೆ ಕಾಲೇಜು ಸಿಕ್ಕ ಜಿಲ್ಲೆ ಇದು.

ದಂತ ಕಾಲೇಜಿಗೂ ಮೊದಲು ಹಲ್ಲಿಗೆ ದೊಡ್ಡ ಚಿಕಿತ್ಸೆ ಬೇಕೆಂದರೆ ಘಟ್ಟ ಇಳಿಯಬೇಕಿತ್ತು, ಇಲ್ಲವೇ ಮೈಸೂರಿನ ಬಸ್ಸು ಹತ್ತಬೇಕಿತ್ತು. ಮಣಿಪಾಲದ ದಂತ ಕಾಲೇಜು 1953ರದ್ದು, ಬೆಂಗಳೂರಿನ ಸರ್ಕಾರಿ ಕಾಲೇಜು 1958ರದ್ದು, ಮಂಗಳೂರಿನ ಎ.ಬಿ. ಶೆಟ್ಟಿ ಕಾಲೇಜು 1985ರಲ್ಲಿ, ಮೈಸೂರಿನ ಜೆಎಸ್‌ಎಸ್ 1986ರಲ್ಲಿ ಬಂದವು. ದಂತವೈದ್ಯರ ಕಸುಬಿಗೆ ದೇಶಾದ್ಯಂತ ಕಾನೂನಿನ ಚೌಕಟ್ಟು ಬಿದ್ದದ್ದೂ ಸ್ವಾತಂತ್ರ್ಯದ ನಂತರವೇ. 1948ರ ದಂತವೈದ್ಯರ ಕಾಯಿದೆ ಪದವೀಧರರನ್ನು ನೋಂದಣಿ ಪಟ್ಟಿಯ ‘ಎ’ ಭಾಗಕ್ಕೆ ಸೇರಿಸಿತು. ಪದವಿಯಿಲ್ಲದೆ ಅದೇ ಕಸುಬಿನಿಂದ ಹೊಟ್ಟೆ ಹೊರೆಯುತ್ತಿದ್ದ ಹಳಬರಿಗೆ ‘ಬಿ’ ಭಾಗದಲ್ಲಿ ಜಾಗ ಕೊಟ್ಟಿತು. ಹಲ್ಲು ಕಳೆದುಕೊಂಡವರ ಮುಂದೆ ಆಗ ಇದ್ದದ್ದು ತೆಗೆದು ಹಾಕುವ ಹಲ್ಲುಸೆಟ್ಟು, ಅಥವಾ ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನು ಅರೆದು ಕೂರಿಸುವ ಬ್ರಿಡ್ಜ್.

ಇನ್ನೊಂದು ದಾರಿ ತೆರೆದದ್ದು ಸ್ವೀಡನ್ನಿನಲ್ಲಿ. ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುವುದನ್ನು 1952ರಲ್ಲಿ ಮೊಲದ ಕಾಲಿನಲ್ಲಿ ಗಮನಿಸಿದ್ದ ಸಂಶೋಧಕ ಪೆರ್-ಇಂಗ್ವಾರ್ ಬ್ರೋನೆಮಾರ್ಕ್, 1965ರಲ್ಲಿ ಯೋಸ್ತಾ ಲಾರ್ಸನ್ ಎಂಬವರ ಕೆಳದವಡೆಗೆ ನಾಲ್ಕು ಇಂಪ್ಲಾಂಟ್, ಅಂದರೆ ಮೂಳೆಯಲ್ಲಿ ಕೂರಿಸುವ ಟೈಟಾನಿಯಂ ಬೇರು, ಇಟ್ಟರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಅವು ಕೆಲಸ ಮಾಡಿದವು. ಈ ಕುರಿತು 1982ರಲ್ಲಿ ಟೊರಾಂಟೊದಲ್ಲಿ ನಡೆದ ಸಮ್ಮೇಳನದ ನಂತರ ಜಗತ್ತು ಈ ವಿಧಾನವನ್ನು ನಂಬಿತು.

ಆದರೆ ಉಳಿಯುವುದು ಬೇರೆ, ತೊಂದರೆ ಕೊಡದೆ ಉಳಿಯುವುದು ಬೇರೆ. ದಂತ ಸಂಶೋಧಕ ಬಿಯಾರ್ನಿ ಪ್ಯೆಟುರ್ಸನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಲೆಕ್ಕ ಕೊಟ್ಟರು. ಇಂಪ್ಲಾಂಟ್ ಮೇಲಿನ ಬ್ರಿಡ್ಜ್‌ಗಳಲ್ಲಿ ಶೇ 95.4ರಷ್ಟು ಐದು ವರ್ಷ ಉಳಿದಿದ್ದವು. ಲೋಹದ ಮೇಲೆ ಪಿಂಗಾಣಿ ಹೊದಿಸಿದವು ಹತ್ತು ವರ್ಷದಲ್ಲಿ ಶೇ 93.9. ಐದು ವರ್ಷ ಯಾವ ತೊಡಕೂ ಕಾಣದ ರೋಗಿಗಳು ಮಾತ್ರ ಶೇ 66.4. ಮೂವರಲ್ಲಿ ಒಬ್ಬರಿಗೆ ಏನಾದರೊಂದು ರಿಪೇರಿ.

ಹೊದಿಕೆ ಒಡೆಯುವುದೇ ಹೆಚ್ಚು, ಶೇ 13.5. ನಿಜವಾದ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಒತ್ತಡ ತಾಳುವ ತೆಳ್ಳನೆಯ ನಾರುಪೊರೆ ಇರುತ್ತದೆ, ಇಂಪ್ಲಾಂಟಿಗೆ ಅದಿಲ್ಲ. ಅಡಿಕೆಯನ್ನೋ ಮೂಳೆಯನ್ನೋ ಕಡಿದ ಪೆಟ್ಟು ನೇರವಾಗಿ ಪಿಂಗಾಣಿಗೂ ಸ್ಕ್ರೂಗೂ ಬೀಳುತ್ತದೆ. ಸುತ್ತಲಿನ ವಸಡು, ಮೂಳೆಯ ಉರಿಯೂತ ಸದ್ದಿಲ್ಲದೆ ಬರುವಂಥದ್ದು. ಧೂಮಪಾನಿಗಳಲ್ಲಿ, ಹಿಂದೆ ವಸಡುರೋಗ ಇದ್ದವರಲ್ಲಿ ಅದರ ಅಪಾಯ ಜಾಸ್ತಿ.

ಹಾಗಾಗಿ ಬ್ರಿಡ್ಜ್ ಕೂರಿಸಿದಲ್ಲಿಗೆ ವ್ಯವಹಾರ ಮುಗಿಯುವುದಿಲ್ಲ, ತಪಾಸಣೆಗೆ ಮರಳುತ್ತಿರಬೇಕು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ಹೆದ್ದಾರಿ ಕಡಿದುಹೋದಂಥ ಜಿಲ್ಲೆಯಲ್ಲಿ ಹತ್ತಿರದ ದಂತವೈದ್ಯರ ಕುರ್ಚಿಗೆ ಬೆಲೆ ಹೆಚ್ಚು. ಬೆಂಗಳೂರಿನಲ್ಲಿ ಹಲ್ಲು ಕಟ್ಟಿಸಿಕೊಂಡು ಊರಿಗೆ ಮರಳಿದವರು ಇಂಪ್ಲಾಂಟಿನ ಕಂಪನಿ, ಅಳತೆ ಬರೆದ ಚೀಟಿಯನ್ನು ಜೋಪಾನ ಮಾಡಬೇಕು. ಕಂಪನಿಗೊಂದು ಬಗೆಯ ಸ್ಕ್ರೂ; ಸಡಿಲವಾದದ್ದನ್ನು ಬಿಗಿ ಮಾಡುವ ವೈದ್ಯರು ಮೊದಲು ಕೇಳುವುದು ಆ ಚೀಟಿಯನ್ನೇ.