ಅಟ್ಟದ ಮೇಲಿನ ಹಾರ್ಮೋನಿಯಂ ಪ್ಯಾರಿಸ್ಸಿಂದಾ, ಪಾಲಿತಾಣದ್ದಾ?

ಹೋದ ಬೇಸಿಗೆಯಲ್ಲಿ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಿಂದ ನಮಗೆ ಫೋನ್ ಬಂತು. ಮಾತಾಡಿದವರು ತೀರಿಹೋದ ಡ್ರಾಮಾ ಮೇಷ್ಟ್ರೊಬ್ಬರ ಮಗ.

"ಅಣ್ಣಾ, ನಮ್ಮಪ್ಪನ ಹಾರ್ಮೋನಿಯಂ ಕೇಳ್ಕಂಡು ಹಳೇ ಸಾಮಾನಿನೋರು ಬಂದವ್ರೆ. ಮೂರು ಸಾವ್ರ ಕೊಡ್ತೀವಿ ಅಂತಾರೆ. ನಮ್ಮಪ್ಪ ಇದು ಪ್ಯಾರಿಸ್ ರೀಡು, ಲಕ್ಷ ಕೊಟ್ರೂ ಬುಡಬ್ಯಾಡ ಅಂತಿದ್ರು. ಯಾವ್ದು ದಿಟ?"

ನಮಗೂ ಗೊತ್ತಿರಲಿಲ್ಲ. ಮಂಡ್ಯದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಹಿರಿಯರೊಬ್ಬರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆವು. ಆ ಪೆಟ್ಟಿಗೆ ಬಿಚ್ಚಿ ನೋಡಿದಾಗ ಕಲಿತದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಇರಬಹುದು.

ನಮ್ಮೂರಿಗೆ ಬಂದ ದಾರಿ

ಹಾರ್ಮೋನಿಯಂ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ಅಲೆಕ್ಸಾಂದ್ರ್ ದೆಬ್ಯಾಂ ಎಂಬ ಕುಶಲಕರ್ಮಿ 1842ರಲ್ಲಿ ಈ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದ. ಕುರ್ಚಿ ಮೇಲೆ ಕೂತು, ಎರಡೂ ಕಾಲಲ್ಲಿ ತುಳಿದು ನುಡಿಸುವ ದೊಡ್ಡ ಪೆಟ್ಟಿಗೆ ಅದು. ಪಾದ್ರಿಗಳು, ಬ್ರಿಟಿಷ್ ಅಧಿಕಾರಿಗಳ ಜೊತೆ ಹಡಗು ಹತ್ತಿ ಇಲ್ಲಿಗೆ ಬಂತು. ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷರು 1875ರಲ್ಲಿ 'ದ್ವಾರ್ಕಿನ್' ಎಂಬ ವಾದ್ಯದ ಅಂಗಡಿ ತೆರೆದರು. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುತ್ತಾ ಇನ್ನೊಂದು ಕೈಯಲ್ಲಿ ನುಡಿಸುವ ಹಾರ್ಮೋನಿಯಂ ಹಬ್ಬಿದ್ದು ಅಂಥವರಿಂದ. ಅಂದರೆ ನಾವು ಇವತ್ತು ನಮ್ಮದು ಅನ್ನುವ ಹಾರ್ಮೋನಿಯಂ, ಫ್ರಾನ್ಸಿನದನ್ನು ನೋಡಿ ನಮ್ಮ ಕೂರುವ ರೀತಿಗೆ ತಕ್ಕಂತೆ ಮಾಡಿಕೊಂಡ ನಕಲು.

ನಮ್ಮ ಸೀಮೆಗೆ ಅದನ್ನು ತಂದು ಒಗ್ಗಿಸಿದ್ದು ಕಂಪನಿ ನಾಟಕಗಳು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಕಂಪನಿಯ ರಂಗದ ಮುಂದೆ ಕಾಲು ಹಾರ್ಮೋನಿಯಂ ಇರಲೇಬೇಕು. ಕಾಲಲ್ಲಿ ತುಳಿದರೆ ಎರಡೂ ಕೈ ಬಿಡುವಾಗುತ್ತವೆ, ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಸ್ವರ ಕೇಳುತ್ತದೆ. ಕಂಪನಿ ನೋಡಿ ಬಂದ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ರೈತರು ಸುಗ್ಗಿ ಮುಗಿಸಿ ತಾವೇ ಬಣ್ಣ ಹಚ್ಚಿದರು. 'ಕುರುಕ್ಷೇತ್ರ', 'ದಾನಶೂರ ಕರ್ಣ', 'ಶನಿಪ್ರಭಾವ' ಇಂದಿಗೂ ನಡೆಯುತ್ತವೆ. ಪಾತ್ರಕ್ಕೆ ಇಷ್ಟು ಅಂತ ಕೈಯಿಂದ ದುಡ್ಡು ಹಾಕಿ ದುರ್ಯೋಧನನಾಗುವವರು ನಮ್ಮ ಕಡೆ ಈಗಲೂ ಇದ್ದಾರೆ. ತಿಂಗಳುಗಟ್ಟಲೆ ತಾಲೀಮು ಕೊಡುವ ಮೇಷ್ಟ್ರಿಗೆ ಹಾರ್ಮೋನಿಯಮ್ಮೇ ಬಂಡವಾಳ.

ಇದೇ ವಾದ್ಯವನ್ನು ಆಕಾಶವಾಣಿ 1940ರಿಂದ 1971ರವರೆಗೆ ದೂರ ಇಟ್ಟಿತ್ತು. ವಿದೇಶಿ ವಾದ್ಯ, ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಗಮಕ ಇದರಲ್ಲಿ ಬರುವುದಿಲ್ಲ ಎಂಬುದು ದೂರು. ದೂರಿನಲ್ಲಿ ನಿಜವೂ ಇತ್ತು. ಆದರೆ ರೇಡಿಯೋ ಬೇಡ ಎಂದ ಆ ಮೂವತ್ತೊಂದು ವರ್ಷವೂ ನಮ್ಮ ಹಳ್ಳಿಗಳ ಭೀಮ, ಶಕುನಿ ಅದರ ಶ್ರುತಿಗೇ ಕಂದ ಹಾಡಿದರು.

ಜಪಾನಿನವರ ನಕಲು

ನಕಲು ಅಂದ ಕೂಡಲೇ ಮೂಗು ಮುರಿಯುವ ಮುಂಚೆ ಜಪಾನಿನ ಕಥೆ ಕೇಳಿ. 1887ರಲ್ಲಿ ಹಮಾಮತ್ಸು ಊರಿನ ಶಾಲೆಯೊಂದರ ಅಮೆರಿಕದ ಆರ್ಗನ್ ಕೆಟ್ಟಿತು. ಅದೂ ಹಾರ್ಮೋನಿಯಂ ಥರವೇ ರೀಡಿನ ವಾದ್ಯ. ರಿಪೇರಿಗೆ ಬಂದ ತೊರಾಕುಸು ಯಮಾಹಾ ಒಳಗಿದ್ದದ್ದನ್ನು ನೋಡಿಕೊಂಡು ತಾನೇ ಒಂದು ಮಾಡಿದ. ಪರೀಕ್ಷೆ ಮಾಡಿಸಲು ಅದನ್ನು ಹೆಗಲ ಮೇಲೆ ಹೊತ್ತು, ಬೆಟ್ಟ ದಾಟಿ ಟೋಕಿಯೋಗೆ ಹೋದ. ಶ್ರುತಿ ಸರಿಯಿಲ್ಲ ಅಂದರು. ಅಲ್ಲೇ ಶ್ರುತಿ ಮಾಡುವುದನ್ನು ಕಲಿತು ಬಂದು ಮತ್ತೊಂದು ಮಾಡಿದ. ಇವತ್ತು ನಮ್ಮ ಆರ್ಕೆಸ್ಟ್ರಾಗಳಲ್ಲಿ ಕಾಣುವ ಯಮಾಹಾ ಕೀಬೋರ್ಡಿನ ಮೂಲ ಅದು.

1970ರ ದಶಕದಲ್ಲಿ ಅದೇ ಊರಿನ ಟೋಕಾಯ್, ಮತ್ಸುಮೊತೊ ಊರಿನ ಫುಜಿಗೆನ್ ಮುಂತಾದ ಕಾರ್ಖಾನೆಗಳು ಅಮೆರಿಕದ ಗಿಬ್ಸನ್, ಫೆಂಡರ್ ಎಲೆಕ್ಟ್ರಿಕ್ ಗಿಟಾರುಗಳನ್ನು ಹಾಗೆಹಾಗೇ ನಕಲು ಮಾಡಿದವು. 1977ರಲ್ಲಿ ಗಿಬ್ಸನ್‌ನ ಒಡೆಯರಾಗಿದ್ದ ನಾರ್ಲಿನ್ ಕಂಪನಿ, ಇಬಾನೆಜ್ ಗಿಟಾರನ್ನು ಅಮೆರಿಕದಲ್ಲಿ ಮಾರುತ್ತಿದ್ದ ಕಂಪನಿ ಮೇಲೆ ಕೋರ್ಟಿಗೆ ಹೋಯಿತು. ತಕರಾರು ಇದ್ದದ್ದು ಗಿಟಾರಿನ ತಲೆಯ ಆಕಾರದ ಬಗ್ಗೆ. ಕೇಸು ರಾಜಿಯಲ್ಲಿ ಮುಗಿಯಿತು. 1982ರಲ್ಲಿ ಫೆಂಡರ್ ತಾನೇ ಜಪಾನಿನವರ ಜೊತೆ ಸೇರಿ, ಅದೇ ಫುಜಿಗೆನ್‌ನಲ್ಲಿ ಗಿಟಾರು ಮಾಡಿಸತೊಡಗಿತು.

ಆ ನಕಲುಗಳಿಗೆ ಈಗ ಒಳ್ಳೆ ಬೆಲೆ. ಅದರ ಜೊತೆಗೇ ಒಂದು ಮೋಸವೂ ಬೆಳೆದಿದೆ. ಕೇಸು ನಡೆದದ್ದು ಒಂದೇ ಬ್ರಾಂಡಿನ ಮೇಲೆ. ಆದರೆ ಆ ಕಾಲದ ಯಾವ ಜಪಾನಿ ಗಿಟಾರು ಸಿಕ್ಕರೂ "ಕೇಸು ಬಿದ್ದಿದ್ದ ಗಿಟಾರು" ಅಂತ ಹೇಳಿ ರೇಟು ಏರಿಸುತ್ತಾರೆ. ತಿಳಿದವರು ಆ ಮಾತಿಗೆ ಕಿವಿ ಕೊಡುವುದಿಲ್ಲ. ಕತ್ತು ಬಿಚ್ಚುತ್ತಾರೆ, ಮರ ನೋಡುತ್ತಾರೆ, ನಂಬರು ಓದುತ್ತಾರೆ. ಆಗಿನ ಹಲವು ಇಬಾನೆಜ್‌ಗಳ ನಂಬರಿನ ಮೊದಲ ಅಕ್ಷರ ತಿಂಗಳು, ಆಮೇಲಿನ ಎರಡು ಅಂಕಿ ವರ್ಷ. ನಮ್ಮ ಕಡೆ "ಪ್ಯಾರಿಸ್ ರೀಡು" ಅನ್ನುವುದೂ ಇಂಥದ್ದೇ ಮಾತು. ಅದನ್ನೂ ಬಿಚ್ಚಿಯೇ ನೋಡಬೇಕು.

ಏನೇನು ನೋಡಬೇಕು

ಮೊದಲು ಮುಂದಿನ ಫಲಕ. ಮೇಷ್ಟ್ರ ಪೆಟ್ಟಿಗೆ ಮೇಲೆ ಫ್ರೆಂಚ್ ಹೆಸರಿನ ಹಿತ್ತಾಳೆ ಫಲಕವಿತ್ತು. ಅದನ್ನು ಕೂರಿಸಿದ್ದದ್ದು ಸ್ಟಾರ್ ಸ್ಕ್ರೂನಿಂದ. ಸ್ಟಾರ್ ಸ್ಕ್ರೂ ಅಮೆರಿಕದಲ್ಲೇ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅಂದಮೇಲೆ ಫಲಕವನ್ನು ಯಾರೋ ಆಮೇಲೆ ಹೊಡೆದಿದ್ದಾರೆ, ಇಲ್ಲವೇ ಬಿಚ್ಚಿ ಕೂರಿಸಿದ್ದಾರೆ. ಫಲಕ ಸಾಕ್ಷಿಯಲ್ಲ.

ಎರಡನೆಯದು ರೀಡು. ಹಿತ್ತಾಳೆ ಪಟ್ಟಿಗೆ ರಿವೆಟ್ ಮಾಡಿದ ತೆಳು ನಾಲಿಗೆಯೇ ರೀಡು. ಪ್ಯಾರಿಸ್, ಜರ್ಮನಿ ರೀಡುಗಳನ್ನು ತರಿಸಿ ಇಲ್ಲಿಯ ಪೆಟ್ಟಿಗೆಗೆ ಕೂರಿಸುತ್ತಿದ್ದದ್ದು ನಿಜ. ಆಮೇಲೆ ಗುಜರಾತಿನ ಪಾಲಿತಾಣದಂಥ ಕಡೆ ಒಳ್ಳೆಯ ರೀಡು ತಯಾರಾದವು. 42 ಮನೆಯ ಡಬಲ್ ರೀಡ್ ಪೆಟ್ಟಿಗೆಯಲ್ಲಿ 84 ರೀಡು ಇರುತ್ತವೆ. ಎಲ್ಲದರ ಬಣ್ಣ, ಅಚ್ಚು, ರಿವೆಟ್ ಒಂದೇ ಥರ ಇವೆಯಾ ನೋಡಿ. ಬೇರೆ ಬೇರೆ ಇದ್ದರೆ ನಡುವೆ ಬದಲಾಗಿವೆ. ನಾಲಿಗೆ ಮೇಲೆ ಅರ ಉಜ್ಜಿದ ಗೆರೆ ತುಂಬಾ ಇದ್ದರೆ ಪದೇ ಪದೇ ಶ್ರುತಿ ಮಾಡಿದ್ದಾರೆ ಅಂತ. ತುದಿ ಉಜ್ಜಿದರೆ ಶ್ರುತಿ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಹೆಚ್ಚು ಉಜ್ಜಿದ ರೀಡಿಗೆ ಆಯಸ್ಸು ಕಡಿಮೆ.

ಮೂರನೆಯದು ನಿಮ್ಮ ಫೋನಿನಲ್ಲೇ ಆಗುತ್ತದೆ. ಟ್ಯೂನರ್ ಆ್ಯಪ್ ಹಾಕಿಕೊಂಡು ನಡು ಸ್ಥಾಯಿಯ ಬಿಳಿ ಆರನೇ ಮನೆ ಒತ್ತಿ. ಈಗಿನ ವಾದ್ಯವಾದರೆ 440ರ ಹತ್ತಿರ ತೋರಿಸುತ್ತದೆ. 1859ರಲ್ಲಿ ಫ್ರಾನ್ಸ್ ಸರ್ಕಾರ ಗೊತ್ತು ಮಾಡಿದ್ದ ಶ್ರುತಿ 435. ಎಲ್ಲ ಮನೆಯೂ ಒಂದೇ ಸಮ ಅಷ್ಟು ತಗ್ಗಿದ್ದರೆ ಅದೊಂದು ಸುಳಿವು. ಹಳೆಯ ರೀಡು ತಾನಾಗಿಯೂ ಇಳಿದಿರಬಹುದು, ಹಾಗಾಗಿ ಇದೊಂದನ್ನೇ ನಂಬಬೇಡಿ.

ಕೊನೆಯದು ಬಿಳಿ ಮನೆಗಳ ಹೊದಿಕೆ. ಆನೆದಂತ ಅಂತ ಯಾರಾದರೂ ಹೇಳಿದರೆ ಎಚ್ಚರ. ಆನೆದಂತದ ವ್ಯಾಪಾರ ಕಾನೂನಿಗೆ ವಿರುದ್ಧ. ಸೂಜಿ ಕಾಯಿಸಿ ಚುಚ್ಚಿ ನೋಡುವ ಪರೀಕ್ಷೆಯನ್ನಂತೂ ಮಾಡಬೇಡಿ. ಹಳೆಯ ಹೊದಿಕೆ ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ.

ಬೆಲೆ ಎಷ್ಟು?

ರಿಪೇರಿ ಹಿರಿಯರು ಕನ್ನಡಕ ತೆಗೆದು ಹೇಳಿದರು: "ಪೆಟ್ಟಿಗೆ ಇಲ್ಲಿಂದೇ. ಫಲಕ ಆಮೇಲಿಂದು. ಮೇಲಿನ ಸಾಲಿನ ರೀಡು ಹೊಸವು. ಕೆಳಗಿನ ಸಾಲು ಹಳೇದು, ಚಿನ್ನದಂಥ ನಾದ ಅದೆ. ಅವ್ರಿಗೆ ಬೇಕಾಗಿರೋದು ಅಷ್ಟೇ."

ಮೂರು ಸಾವಿರ ಕೊಡುತ್ತೇನೆ ಅಂದವರಿಗೆ ಪೆಟ್ಟಿಗೆ ಬೇಕಿರಲಿಲ್ಲ. ಕೆಳಗಿನ ಸಾಲನ್ನು ಕಿತ್ತು, ಹೊಸ ಪೆಟ್ಟಿಗೆಗೆ ಕೂರಿಸಿ, "ಪ್ಯಾರಿಸ್ ರೀಡು" ಅಂತ ಮಾರಲು ಬಂದಿದ್ದರು. ಮೇಷ್ಟ್ರು ಹೇಳಿದ ಲಕ್ಷವೂ ನಿಜವಲ್ಲ, ಅವರು ಹೇಳಿದ ಮೂರು ಸಾವಿರವೂ ನಿಜವಲ್ಲ. ಇಂಥ ಪೆಟ್ಟಿಗೆಯ ಬೆಲೆ ತಿದಿ ಗಾಳಿ ಬಿಡದೆ ನಿಲ್ಲುತ್ತದಾ, ರೀಡು ಎಷ್ಟು ಉಳಿದಿವೆ, ನುಡಿಸಲು ಬರುತ್ತದಾ ಎಂಬುದರ ಮೇಲೆ ನಿಲ್ಲುತ್ತದೆ.

ಮಾರಬೇಡಿ ಎನ್ನಲು ನಾವ್ಯಾರು? ಕಷ್ಟ ಅವರವರ ಮನೆಯದು. ಮಾರುವುದಾದರೆ ಒಳಗಿನ ಫೋಟೋ ತೆಗೆದಿಟ್ಟುಕೊಳ್ಳಿ. ಇಬ್ಬರು ರಿಪೇರಿಯವರ ಹತ್ತಿರ ಕೇಳಿ. ರೀಡು ಬಿಚ್ಚಿ ಕೊಡಬೇಡಿ, ಇಡೀ ಪೆಟ್ಟಿಗೆ ಕೊಡಿ. ಅದಕ್ಕೂ ಮುಂಚೆ ಊರಿನ ಹಳೆಯ ಪಾತ್ರಧಾರಿಯೊಬ್ಬರನ್ನು ಕೂರಿಸಿ, ಅದರ ಶ್ರುತಿಗೆ ಎರಡು ರಂಗಗೀತೆ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಪೆಟ್ಟಿಗೆ ಜೊತೆ ಮೇಷ್ಟ್ರು ಮಟ್ಟು ಬರೆದಿಟ್ಟ ನೋಟ್‌ಬುಕ್ ಇದ್ದರೆ ಅದನ್ನು ರದ್ದಿಗೆ ಹಾಕಬೇಡಿ.

ಮಳವಳ್ಳಿಯ ಆ ಮಗ ಸದ್ಯಕ್ಕೆ ಮಾರಿಲ್ಲ. ತಿದಿಗೆ ಹೊಸ ಚರ್ಮ ಹಾಕಿಸಿದ್ದಾರೆ. ಈಗ ಪಕ್ಕದೂರಿನಲ್ಲಿ 'ಕುರುಕ್ಷೇತ್ರ'ದ ತಾಲೀಮು ನಡೆಯುತ್ತಿದೆ, ಪೆಟ್ಟಿಗೆ ಅಲ್ಲಿದೆ. ಫ್ರೆಂಚ್ ಹೆಸರಿನ ಫಲಕವನ್ನು ಅವರು ತೆಗೆದಿಲ್ಲ. "ಇರ್ಲಿ ಬುಡಣ್ಣ, ನಮ್ಮಪ್ಪಂಗೆ ಅದು ಇಷ್ಟ" ಅಂದರು.