ರೈಟ್ ಸಹೋದರರ ಪ್ರೊಪೆಲರ್

ಅಮೆರಿಕದ ಡೇಟನ್ ನಗರದಲ್ಲಿ ಸೈಕಲ್ ಅಂಗಡಿಯಿಟ್ಟಿದ್ದ ರೈಟ್ ಸಹೋದರರು, ತಮ್ಮ ವಿಮಾನಕ್ಕೆ ಬೇಕಾದ ಪ್ರೊಪೆಲರಿನ ಲೆಕ್ಕವನ್ನು ಹಡಗಿನ ಶಾಸ್ತ್ರದಿಂದ ಎರವು ಪಡೆಯಬಹುದೆಂದು ಬಗೆದಿದ್ದರು. ಅಲ್ಲಿ ಅನುಭವದ ಅಂದಾಜಲ್ಲದೆ ಲೆಕ್ಕವಿರಲಿಲ್ಲ. ತಿಂಗಳುಗಟ್ಟಲೆ ವಾದಿಸಿದ ಮೇಲೆ, ಪ್ರೊಪೆಲರೆಂಬುದು ಸುತ್ತುತ್ತ ಮುನ್ನಡೆಯುವ ರೆಕ್ಕೆಯೇ ಎಂದು ಅವರಿಗೆ ಹೊಳೆಯಿತು. ಸ್ಪ್ರೂಸ್ ಮರದ ಹಲಗೆಗಳನ್ನು ಅಂಟಿಸಿ, ಕೈಗೊಡಲಿಯಿಂದ ಕೆತ್ತಿ, ಎಂಟೂವರೆ ಅಡಿಯ ಎರಡನ್ನು ಮಾಡಿದರು. ಮರ ಸೀಳದಂತೆ ತುದಿಗಳಿಗೆ ಬಟ್ಟೆಯಂಟಿಸಿದರು. ಈ ಎಚ್ಚರ ಸಣ್ಣದಲ್ಲ. 1903ರ ಡಿಸೆಂಬರ್ 17ರಂದು ವಿಮಾನವು ಮೊದಲು 12 ಸೆಕೆಂಡು ಹಾರಿತು.

1908ರ ಸೆಪ್ಟೆಂಬರ್ 17ರಂದು ಫೋರ್ಟ್ ಮೈಯರಿನಲ್ಲಿ ಆರ್ವಿಲ್ ರೈಟನು ಹೊಸದಾದ, ಹೆಚ್ಚು ಉದ್ದದ ಪ್ರೊಪೆಲರುಗಳನ್ನು ಹೂಡಿ ಹಾರಿದನು. ಬೆನ್ನ ಹಿಂದೆ ಮೆಲ್ಲನೆ ತಟ್ಟಿದಂತೆ ಸದ್ದಾಯಿತು. ತಿರುಗಿ ನೋಡಿದರೆ ಏನೂ ಕಾಣಲಿಲ್ಲ. ಒಂದರ ಅಲಗು ಉದ್ದಕ್ಕೆ ಬಿರಿದಿತ್ತು. ಅದು ನಡುಗಿ ಚುಕ್ಕಾಣಿಯ ತಂತಿಗೆ ತಗುಲಲು ವಿಮಾನವು ನೆಲಕ್ಕಪ್ಪಳಿಸಿತು. ಆರ್ವಿಲನು ಮೂಳೆ ಮುರಿದುಕೊಂಡು ಉಳಿದನು. ಜೊತೆಗಿದ್ದ ಲೆಫ್ಟೆನೆಂಟ್ ಸೆಲ್ಫ್‌ರಿಜ್ ಅಂದೇ ಸಂಜೆ ತೀರಿಕೊಂಡನು.